ನೆತ್ತರೊಳಗಿನ ಸ್ನೇಹ

‘ಸ್ನೇಹ’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಒಂದು, ನಾವೆಲ್ಲರೂ ಬಲ್ಲ ಗೆಳೆತನ. ಇನ್ನೊಂದು, ವೈದ್ಯರು ಬಲ್ಲ ಜಿಡ್ಡು. ತುಪ್ಪ, ಎಣ್ಣೆ, ವಸೆ, ಮಜ್ಜೆ ಈ ನಾಲ್ಕನ್ನೂ ಆಯುರ್ವೇದವು ಸ್ನೇಹವೆಂದೇ ಕರೆದಿದೆ. ಕನ್ನಡ ಮೇಷ್ಟರಾಗಿ ಮೂವತ್ತು ವರ್ಷಗಳಿಗೂ ಮಿಕ್ಕಿ ಮೊದಲನೆಯ ಅರ್ಥವನ್ನೇ ತರಗತಿಗಳಲ್ಲಿ ವಿವರಿಸುತ್ತ ಬಂದ ನಾನು ಇಂದು ಎರಡನೆಯ ಅರ್ಥವನ್ನು ಕುರಿತು ಮಾತನಾಡಹೊರಟಿದ್ದೇನೆ. ವೈದ್ಯನಲ್ಲದವನಿಗೆ ಈ ಅಧಿಕಪ್ರಸಂಗವೇಕೆ ಎಂದು ಶ್ರೋತೃಗಳು ಕೇಳಬಹುದು. ನನ್ನ ತಾಯಿ ಒಮ್ಮೆ ಕೇಳಿದ ಒಂದು ಪ್ರಶ್ನೆಗೆ ಉತ್ತರ ಕೊಡುವುದು ನನ್ನಿಂದ ಬಾಕಿ ಉಳಿದಿದೆ. ಅದಷ್ಟೇ ನನ್ನ ಅಧಿಕಾರ.

1976ರ ಮಳೆಗಾಲ. ನಮ್ಮ ಮನೆ ಅಂಕೋಲೆಯ ಬಳಿಯ ಒಂದು ಹಳ್ಳಿಯಲ್ಲಿತ್ತು. ನನ್ನ ಅಕ್ಕನಿಗೆ ಇದ್ದಕ್ಕಿದ್ದಂತೆ ಹೊಟ್ಟೆನೋವು ಬಂದಿತು. ಕರುಳು ತಿರುಚಿಕೊಂಡು ಕೊಳೆತಿತ್ತು. ದೂರದ ಒಂದು ಪಟ್ಟಣದ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಮಾಡಿ ಕರುಳಿನ ಬಹುಭಾಗವನ್ನು ತೆಗೆದರು. ಗಾಯ ಮಾಯಿತು, ಆದರೆ ಉಂಡದ್ದು ಮೈಗೆ ಹತ್ತಲಿಲ್ಲ. ದಿನವೂ ತೋಳಿನ ನರಕ್ಕೆ ಸಲಾಯಿನ್ ಹನಿಸುತ್ತಿದ್ದರು: ಒಮ್ಮೆ ಉಪ್ಪುನೀರು, ಒಮ್ಮೆ ಸಕ್ಕರೆನೀರು. ಅಕ್ಕ ದಿನದಿನಕ್ಕೆ ಬತ್ತಿದಳು. ಒಂದು ಸಂಜೆ ನನ್ನ ತಾಯಿ ಡಾಕ್ಟರನ್ನು ತಡೆದು ಕೇಳಿದಳು: “ಡಾಕ್ಟ್ರೆ, ಉಪ್ಪುನೀರು ನರದಲ್ಲಿ ಹೋಗ್ತದೆ ಅಂದ್ರೆ, ಒಂದು ಚಮಚೆ ತುಪ್ಪ ಹೋಗೂದಿಲ್ವ?”

ಪಕ್ಕದ ಹಾಸಿಗೆಯವರು ನಕ್ಕರು. ಡಾಕ್ಟರು ನಗಲಿಲ್ಲ. “ಹೋಗುವುದಿಲ್ಲ ತಾಯಿ, ಹೋದರೆ ಪ್ರಾಣ ಉಳಿಯುವುದಿಲ್ಲ” ಎಂದಷ್ಟೇ ಹೇಳಿ ಮುಂದೆ ನಡೆದರು. ಹದಿನಾಲ್ಕು ದಿನಗಳ ತರುವಾಯ ಅಕ್ಕ ತೀರಿಕೊಂಡಳು.

ಆ ಡಾಕ್ಟರು ಹೇಳಿದ್ದು ಸತ್ಯ. ಆದರೆ ಪೂರ್ಣಸತ್ಯವಲ್ಲ. ಅದನ್ನು ತಿಳಿಯಲು ನನಗೆ ನಾಲ್ಕು ದಶಕಗಳು ಬೇಕಾದವು. ತಿಳಿಯಹೊರಟಾಗ ಆ ಚರಿತ್ರೆಯ ಒಂದು ಎಳೆ ನಮ್ಮ ಕಾರವಾರದ ಕಡಲದಂಡೆಯನ್ನೇ ಮುಟ್ಟಿಕೊಂಡಿರುವುದು ಕಂಡು ಬೆರಗಾದೆ.

ಕಾರವಾರದ ಇತಿಹಾಸವನ್ನು ಓದಿದವರಿಗೆ ಕೋರ್ಟೆನ್ ಎಂಬ ಹೆಸರು ಅಪರಿಚಿತವಲ್ಲ. ಸರ್ ವಿಲಿಯಂ ಕೋರ್ಟೆನ್ ಲಂಡನ್ನಿನ ದೊಡ್ಡ ವರ್ತಕ. ಈಸ್ಟ್ ಇಂಡಿಯಾ ಕಂಪನಿಗೆ ಪ್ರತಿಸ್ಪರ್ಧಿಯಾಗಿ ಪೂರ್ವದೇಶಗಳಲ್ಲಿ ವ್ಯಾಪಾರ ಮಾಡಲು 1635ರಲ್ಲಿ ದೊರೆ ಒಂದನೆಯ ಚಾರ್ಲ್ಸನಿಂದ ಅನುಮತಿ ಪಡೆದ ಕೂಟಕ್ಕೆ ಅವನೇ ಮುಖ್ಯ ಆಸರೆ. ಮರುವರ್ಷ ಜಾನ್ ವೆಡೆಲ್ ಎಂಬ ಕಪ್ತಾನನ ಕೈಕೆಳಗೆ ಅವರ ಹಡಗುಗಳು ಹೊರಟವು. ಸರ್ ವಿಲಿಯಂ ಅದೇ 1636ರಲ್ಲಿ ತೀರಿಕೊಂಡ; ವ್ಯವಹಾರ ಮಗನ ಪಾಲಿಗೆ ಬಂದಿತು. 1638ರಲ್ಲಿ ಈ ಕೂಟವು ಕಾರವಾರದಲ್ಲಿ ತನ್ನ ಕೋಠಿಯನ್ನು ತೆರೆಯಿತು. ಅದು ಇಂದಿನ ಕಾರವಾರವಲ್ಲ, ಕಾಳಿ ನದಿಯ ದಡದ ಕಡವಾಡದ ಕಡೆಯ ಹಳೆಯ ಊರು. ಘಟ್ಟದಿಂದ ಇಳಿಯುವ ಮೆಣಸು, ಏಲಕ್ಕಿ, ಹುಬ್ಬಳ್ಳಿಯ ಸೀಮೆಯ ನವುರಾದ ಬಟ್ಟೆ ಇವು ಅಲ್ಲಿಂದ ಹಡಗೇರುತ್ತಿದ್ದವು. ಮುಂದೆ ಆ ಕೋಠಿ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಹೋಯಿತು. 1665ರಲ್ಲಿ ಶಿವಾಜಿ ಬಂದಾಗ ಕಾಣಿಕೆ ತೆತ್ತದ್ದೂ ಇದೇ ಇಂಗ್ಲಿಷರ ಕೋಠಿಯೇ.

ಕೋರ್ಟೆನ್ನರಿಗೆ ಮಾತ್ರ ಈ ವ್ಯಾಪಾರ ದಕ್ಕಲಿಲ್ಲ. ಡಚ್ಚರು ಅವರ ಹಡಗುಗಳನ್ನು ಹಿಡಿದರು, ಸಾಲ ಬೆಳೆಯಿತು. ಮಗ ಕೋರ್ಟೆನ್ ದಿವಾಳಿಯಾಗಿ ದೇಶ ಬಿಟ್ಟು ಫ್ಲಾರೆನ್ಸಿಗೆ ಓಡಿ ಅಲ್ಲಿಯೇ 1655ರಲ್ಲಿ ಮಡಿದ. ಅವನ ಮಗ, ಎಂದರೆ ಮೊದಲಿಗನ ಮೊಮ್ಮಗ, ಹುಟ್ಟಿದ್ದು 1642ರಲ್ಲಿ. ಇವನ ಹೆಸರೂ ವಿಲಿಯಂ ಕೋರ್ಟೆನ್ನೇ. ಮುಳುಗಿದ ಮನೆತನದ ಆಸ್ತಿಗಾಗಿ ಹೋರಾಡಿ ಸೋತು, ಕೊನೆಗೆ ಚಾರ್ಲ್‌ಟನ್ ಎಂದು ಹೆಸರನ್ನೇ ಬದಲಿಸಿಕೊಂಡು ಬಾಳಿದವನು. ಇವನು ವ್ಯಾಪಾರಕ್ಕೆ ಇಳಿಯಲಿಲ್ಲ. ಗಿಡ, ಚಿಪ್ಪು, ನಾಣ್ಯ, ಚಿತ್ರ, ಕೀಟಗಳನ್ನು ಕೂಡಿಹಾಕುವುದೇ ಇವನ ಹವ್ಯಾಸ. 1702ರಲ್ಲಿ ಇವನು ಸತ್ತಾಗ ಆ ಸಂಗ್ರಹವೆಲ್ಲ ಗೆಳೆಯ ಹ್ಯಾನ್ಸ್ ಸ್ಲೋನ್ ಎಂಬ ವೈದ್ಯನಿಗೆ ಹೋಯಿತು. ಸ್ಲೋನನ ಸಂಗ್ರಹದಿಂದಲೇ 1753ರಲ್ಲಿ ಬ್ರಿಟಿಷ್ ಮ್ಯೂಸಿಯಂ ಹುಟ್ಟಿತು.

ಈ ಮೊಮ್ಮಗ ಕಾರವಾರವನ್ನು ಕಂಡವನಲ್ಲ. ಆದರೆ ನನ್ನ ತಾಯಿಯ ಪ್ರಶ್ನೆಯನ್ನು ಅವಳಿಗಿಂತ ಮುನ್ನೂರು ವರ್ಷ ಮೊದಲೇ ಪ್ರಯೋಗಕ್ಕಿಟ್ಟವನು ಇವನೇ. ವಿಲಿಯಂ ಹಾರ್ವೆ 1628ರಲ್ಲಿ ರಕ್ತದ ಸುತ್ತಾಟವನ್ನು ತೋರಿಸಿಕೊಟ್ಟ ಮೇಲೆ, ನರದಲ್ಲಿ ಹಾಕಿದ್ದು ಮೈಯೆಲ್ಲ ಸುತ್ತುತ್ತದೆ ಎಂಬ ಅರಿವು ಮೂಡಿತ್ತು. ಮುಂದೆ ಲಂಡನ್ನಿನ ಸೇಂಟ್ ಪಾಲ್ ಇಗರ್ಜಿಯನ್ನು ಕಟ್ಟಿಸಿದ ಕ್ರಿಸ್ಟೊಫರ್ ರೆನ್ 1656ರಲ್ಲಿ ಆಕ್ಸ್‌ಫರ್ಡಿನಲ್ಲಿ ಹಕ್ಕಿಯ ಗರಿಯ ಕೊಳವೆಯಿಂದ ನಾಯಿಯ ನರಕ್ಕೆ ಮದ್ಯವನ್ನು ಹರಿಸಿ ನೋಡಿದ್ದ. ಕೋರ್ಟೆನ್ 1678 ಮತ್ತು 1679ರಲ್ಲಿ ಫ್ರಾನ್ಸಿನ ಮಾಂಪೆಲಿಯೆ ನಗರದಲ್ಲಿದ್ದಾಗ ಪ್ರಾಣಿಗಳ ಮೇಲೆ ಹಲವು ವಿಷಗಳ ಪರಿಣಾಮವನ್ನು ಪರೀಕ್ಷಿಸಿ ಬರೆದಿಟ್ಟ. ಅವುಗಳ ನಡುವೆ ಆಲಿವ್ ಎಣ್ಣೆಯೂ ಒಂದು. ನಾಯಿಯ ನರಕ್ಕೆ ಎಣ್ಣೆಯನ್ನು ಹಾಕಿದ, ನಾಯಿ ಸತ್ತಿತು. ಈ ಟಿಪ್ಪಣಿಗಳನ್ನು ಸ್ಲೋನ್ 1712ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದ.

ಶ್ರೋತೃಗಳು ಇದನ್ನು ಗಮನಿಸಬೇಕು: ಎಣ್ಣೆ ರಕ್ತವನ್ನು ಮೊದಲು ಹೊಕ್ಕದ್ದು ಆಹಾರವಾಗಿ ಅಲ್ಲ, ವಿಷಗಳ ಪಟ್ಟಿಯಲ್ಲಿ. ಕನ್ನಡದವರಿಗೆ ವಿಷಶಾಸ್ತ್ರ ಹೊಸದಲ್ಲ. ಹದಿನಾಲ್ಕನೆಯ ಶತಮಾನದಲ್ಲಿಯೇ ಮಂಗರಾಜ ‘ಖಗೇಂದ್ರಮಣಿದರ್ಪಣ’ವೆಂಬ ವಿಷವೈದ್ಯ ಗ್ರಂಥವನ್ನು ನಮ್ಮ ನುಡಿಯಲ್ಲಿ ರಚಿಸಿದ. ವಿಷಕ್ಕೂ ಮದ್ದಿಗೂ ನಡುವೆ ಇರುವುದು ಎಷ್ಟು, ಹೇಗೆ, ಯಾವ ದಾರಿಯಲ್ಲಿ ಎಂಬ ವಿವೇಕವೊಂದೇ ಎಂಬುದನ್ನು ಅಂಥ ಗ್ರಂಥಗಳನ್ನು ಓದಿದವರು ಬಲ್ಲರು.

ಹಾಗಾದರೆ ಆ ನಾಯಿ ಸತ್ತದ್ದೇಕೆ? ಎಣ್ಣೆ ನೀರಿನೊಡನೆ ಬೆರೆಯದು, ರಕ್ತದೊಡನೆಯೂ ಬೆರೆಯದು. ದಪ್ಪ ಹನಿಗಳಾಗಿ ಹರಿದು ಹೃದಯವನ್ನು ದಾಟಿ ಶ್ವಾಸಕೋಶದ ಕೂದಲಿಗಿಂತ ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಉಸಿರು ಕಟ್ಟುತ್ತದೆ. ಅಂದು ಡಾಕ್ಟರು ನನ್ನ ತಾಯಿಗೆ ಹೇಳಿದ್ದು ಇದನ್ನೇ.

ಆದರೆ ನಾವು ಉಂಡ ತುಪ್ಪವೂ ಕೊನೆಗೆ ರಕ್ತವನ್ನೇ ಸೇರುತ್ತದಲ್ಲವೆ? ಸೇರುತ್ತದೆ; ದೇಹ ಅದನ್ನು ಕಡೆದು ಕಳಿಸುತ್ತದೆ. ಗಾಸ್ಪಾರೆ ಅಸೆಲ್ಲಿ ಎಂಬ ಇಟಲಿಯ ವೈದ್ಯ 1622ರಲ್ಲಿ, ಹೊಟ್ಟೆತುಂಬ ತಿಂದಿದ್ದ ನಾಯಿಯ ಕರುಳಿನ ಪೊರೆಯಲ್ಲಿ ಹಾಲಿನಂಥ ಬಿಳಿಯ ದ್ರವ ತುಂಬಿದ ನಾಳಗಳನ್ನು ಕಂಡಿದ್ದ. ಉಂಡ ಜಿಡ್ಡು ಕರುಳಿನಲ್ಲಿ ಒಡೆದು, ಮತ್ತೆ ಕೂಡಿ, ಪ್ರೋಟೀನು ಮತ್ತು ಫಾಸ್ಫೋಲಿಪಿಡ್ಡಿನ ತೆಳುಪೊರೆ ಹೊದ್ದ ಅತಿ ಸಣ್ಣ ಕಣಗಳಾಗಿ ಆ ನಾಳಗಳ ಮೂಲಕ ಕತ್ತಿನ ಬುಡದಲ್ಲಿ ರಕ್ತಕ್ಕೆ ಇಳಿಯುತ್ತದೆ. ಭಾರಿ ಊಟವಾದ ಮೇಲೆ ರಕ್ತ ತೆಗೆದು ಇಟ್ಟರೆ ಮೇಲಿನ ತಿಳಿ ಹಾಲಿನಂತೆ ಮಸುಕಾಗಿರುವುದು ಇದರಿಂದಲೇ. ನಮ್ಮ ಕರಾವಳಿಯ ಗೃಹಿಣಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೊಬ್ಬರಿ ಎಣ್ಣೆ ನೀರಿನ ಮೇಲೆ ತೇಲುತ್ತದೆ. ಅದೇ ಎಣ್ಣೆ ಕಾಯಿಹಾಲಿನಲ್ಲಿ ನೀರಿನೊಡನೆ ಒಂದಾಗಿ ಬೆಳ್ಳಗೆ ನಿಲ್ಲುತ್ತದೆ. ವಿಜ್ಞಾನಿಗಳು ಎಮಲ್ಶನ್ ಎನ್ನುವುದು ಇದನ್ನೇ. ಕೋರ್ಟೆನ್ ಹಾಕಿದ್ದು ಎಣ್ಣೆಯನ್ನು, ಹಾಕಬೇಕಾಗಿದ್ದುದು ಕಾಯಿಹಾಲಿನಂಥದನ್ನು.

ನರದ ದಾರಿ ಮೊದಲು ತೆರೆದದ್ದು ಉಪ್ಪಿಗೆ. 1832ರಲ್ಲಿ ಸ್ಕಾಟ್ಲೆಂಡಿನ ಲೀತ್ ಊರಿನ ಥಾಮಸ್ ಲಾಟಾ ಕಾಲರಾದಿಂದ ಬತ್ತಿದವರ ನರಕ್ಕೆ ಉಪ್ಪುನೀರು ಹರಿಸಿ ಕೆಲವರನ್ನು ಉಳಿಸಿದ. 1930ರ ಏಪ್ರಿಲ್‌ನಲ್ಲಿ ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಉಪ್ಪಿನ ಕಾಯಿದೆಯನ್ನು ಮುರಿದ ಅಂಕೋಲೆಯವರಿಗೆ ಉಪ್ಪಿನ ಬೆಲೆಯನ್ನು ಬೇರೆಯವರು ಹೇಳಬೇಕಾಗಿಲ್ಲ. ಕಾಲರಾ ರೋಗಿಗಳಿಗೆ ಹಾಲನ್ನೇ ನರಕ್ಕೆ ಹಾಕಿದವರೂ ಉಂಟು. ಕೆನಡಾದ ಟೊರಾಂಟೊ ನಗರದಲ್ಲಿ ಎಡ್ವರ್ಡ್ ಹಾಡರ್ ಹಸುವಿನ ಹಾಲನ್ನು ಹಾಗೆ ಕೊಟ್ಟು 1873ರಲ್ಲಿ ಅದನ್ನು ಪ್ರಕಟಿಸಿದ. ಕೆಲವರು ಬದುಕಿದರಾದರೂ ಅದು ನೆಚ್ಚಿಕೊಳ್ಳುವ ಹಾದಿಯಾಗಲಿಲ್ಲ. ಉಪ್ಪಿನ ಹಿಂದೆ ಸಕ್ಕರೆ ಬಂತು. ಆದರೆ ಶೇಕಡಾ 5ರ ಸಕ್ಕರೆನೀರು ಒಂದು ಲೀಟರಿನಲ್ಲಿ ಕೊಡುವ ಶಕ್ತಿ 200 ಕ್ಯಾಲೊರಿಗಿಂತ ಕಡಿಮೆ. ಗಟ್ಟಿಮಾಡಿದರೆ ತೋಳಿನ ಸಣ್ಣ ನರ ಉರಿದು ಹಾಳಾಗುತ್ತದೆ. ಜಿಡ್ಡಾದರೋ ಗ್ರಾಮಿಗೆ 9 ಕ್ಯಾಲೊರಿ, ಸಕ್ಕರೆಯ ಇಮ್ಮಡಿಗಿಂತ ಹೆಚ್ಚು. ನರವನ್ನು ಉರಿಸುವುದೂ ಇಲ್ಲ. ಅಂತೆಯೇ ಜಪಾನಿನಲ್ಲಿಯೂ ಅಮೆರಿಕದಲ್ಲಿಯೂ ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಹಲವರು ಎಣ್ಣೆಯನ್ನು ಕಡೆಯುತ್ತ ಕುಳಿತರು. ಅಮೆರಿಕದಲ್ಲಿ ಹತ್ತಿಕಾಳಿನ ಎಣ್ಣೆಯಿಂದ ಮಾಡಿದ ಲಿಪೊಮುಲ್ ಎಂಬುದು ಬಳಕೆಗೆ ಬಂದಿತು. ಅದನ್ನು ಪಡೆದವರಲ್ಲಿ ಚಳಿಜ್ವರ, ಕಾಮಾಲೆ, ರಕ್ತಸ್ರಾವಗಳು ಕಾಣಿಸಿಕೊಂಡು 1960ರ ದಶಕದಲ್ಲಿ ಅದನ್ನು ಹಿಂತೆಗೆದುಕೊಳ್ಳಬೇಕಾಯಿತು. ನರಕ್ಕೆ ಜಿಡ್ಡು ಎಂದರೆ ವೈದ್ಯರು ಹೆದರುವಂತಾಯಿತು.

ಗೆದ್ದದ್ದು ಸ್ವೀಡನ್. ಆರ್ವಿಡ್ ವ್ರೆಟ್ಲಿಂಡ್ ಎಂಬ ವಿಜ್ಞಾನಿ ಎಣ್ಣೆಗಳನ್ನೂ ಅವನ್ನು ಹಿಡಿದು ನಿಲ್ಲಿಸುವ ವಸ್ತುಗಳನ್ನೂ ಒಂದೊಂದಾಗಿ ನಾಯಿಗಳ ಮೇಲೆ ಪರೀಕ್ಷಿಸಿ, ಕೊನೆಗೆ ಸೋಯಾ ಅವರೆಯ ಎಣ್ಣೆಯನ್ನು ಕೋಳಿಮೊಟ್ಟೆಯ ಹಳದಿಯ ಫಾಸ್ಫೋಲಿಪಿಡ್ಡಿನಿಂದ ಕಡೆದು, ರಕ್ತದ ಹದಕ್ಕೆ ಬರಲೆಂದು ಗ್ಲಿಸರಾಲನ್ನು ಕೂಡಿಸಿದ. 1961ರಲ್ಲಿ ಆಸ್ಕರ್ ಶುಬರ್ಟ್ ಎಂಬ ಶಸ್ತ್ರವೈದ್ಯನೊಡನೆ ಅದನ್ನು ವರದಿ ಮಾಡಿದ. 1962ರಲ್ಲಿ ಅದು ಇಂಟ್ರಾಲಿಪಿಡ್ ಎಂಬ ಹೆಸರಿನಿಂದ ಆ ದೇಶದಲ್ಲಿ ಬಳಕೆಗೆ ಬಂದಿತು. ಅದರ ಕಣ ಮಿಲಿಮೀಟರಿನ ಸಾವಿರದ ಒಂದು ಪಾಲಿಗಿಂತಲೂ ಸಣ್ಣದು. ಕೆಂಪು ರಕ್ತಕಣಕ್ಕಿಂತ ಎಷ್ಟೋ ಚಿಕ್ಕದು. ಕರುಳು ತಾನೇ ಕಡೆದು ಕಳಿಸುವ ಕಣದ ಸರಿಸುಮಾರು ಅಳತೆಯದು. ಶೇಕಡಾ 20ರ ದ್ರವವಾದರೆ ಅರ್ಧ ಲೀಟರಿನಲ್ಲಿ ಸುಮಾರು 1000 ಕ್ಯಾಲೊರಿ! ಕೋರ್ಟೆನ್ನನ ನಾಯಿಯಿಂದ ಇಲ್ಲಿಗೆ 283 ವರ್ಷ. ಲಿಪೊಮುಲ್ಲಿನ ಪೆಟ್ಟು ತಿಂದ ಅಮೆರಿಕ ಇದಕ್ಕೆ ಒಪ್ಪಿಗೆ ಕೊಟ್ಟದ್ದು 1975ರಲ್ಲಿ.

ಹೀಗೆ ನರ ಹೊಕ್ಕ ಜಿಡ್ಡು ರಕ್ತದಲ್ಲಿ ಏನು ಮಾಡುತ್ತದೆ? ಇಲ್ಲಿಯೇ ಈ ಕಥೆಯ ತಿರುಳಿದೆ. ಜಿಡ್ಡಿನ ಒಂದೊಂದು ಅಣುವಿನಲ್ಲಿಯೂ ಒಂದು ಗ್ಲಿಸರಾಲಿಗೆ ಮೂರು ಮೇದಾಮ್ಲಗಳು ಅಂಟಿಕೊಂಡಿರುತ್ತವೆ. ಸೂಕ್ಷ್ಮನಾಳಗಳ ಒಳಗೋಡೆಯಲ್ಲಿ ಕುಳಿತ ಒಂದು ಕಿಣ್ವವು ಅವನ್ನು ಬಿಡಿಸುತ್ತದೆ. ಬಿಡಿಯಾದ ಮೇದಾಮ್ಲಗಳಲ್ಲಿ ಕೆಲವು ಸ್ನಾಯುವಿಗೆ ಉರುವಲಾಗುತ್ತವೆ, ಕೆಲವು ಕೊಬ್ಬಾಗಿ ಕೂಡಿಕೊಳ್ಳುತ್ತವೆ, ಕೆಲವು ಆಲ್ಬುಮಿನ್ ಎಂಬ ಪ್ರೋಟೀನಿನ ಬೆನ್ನೇರಿ ರಕ್ತದಲ್ಲಿ ಸಂಚರಿಸುತ್ತವೆ. ರಕ್ತ ಹೆಪ್ಪುಗಟ್ಟದಿರಲೆಂದು ಕೊಡುವ ಹೆಪಾರಿನ್ ಈ ಕಿಣ್ವವನ್ನು ಗೋಡೆಯಿಂದ ಕಳಚಿ ರಕ್ತಕ್ಕೆ ಬಿಡುತ್ತದೆ. ಆಗ ಹಾಲಿನಂತಿದ್ದ ತಿಳಿ ಬೇಗ ತಿಳಿಯಾಗಿ, ಬಿಡಿ ಮೇದಾಮ್ಲಗಳು ಏರುತ್ತವೆ. ಹೆಪಾರಿನ್ನಿನಿಂದ ನಾಯಿಯ ರಕ್ತದ ಹಾಲು ತಿಳಿಯಾಗುವುದನ್ನು ಹಾನ್ ಎಂಬ ವಿಜ್ಞಾನಿ 1943ರಲ್ಲಿ ಕಂಡಿದ್ದ. ಈ ಏರಿಕೆ ಸಣ್ಣ ಸಂಗತಿಯಲ್ಲ. ಹಸುಗೂಸಿನ ಕಾಮಾಲೆಯ ಹಳದಿ ಪದಾರ್ಥವೂ ಅದೇ ಆಲ್ಬುಮಿನ್ನಿನ ಬೆನ್ನ ಮೇಲೆಯೇ ಕೂರಬೇಕು. ಮೇದಾಮ್ಲಗಳು ಮಿತಿಮೀರಿದರೆ ಅದನ್ನು ಕೆಳಕ್ಕೆ ತಳ್ಳುತ್ತವೆ. ತಳ್ಳಲ್ಪಟ್ಟದ್ದು ಮೆದುಳನ್ನು ಸೇರಬಲ್ಲುದು. ಆದುದರಿಂದಲೇ ಇದನ್ನು ಗಂಟೆಗಿಷ್ಟೆಂದು ಅಳೆದು ನಿಧಾನವಾಗಿ ಹನಿಸುತ್ತಾರೆ.

ಇನ್ನೊಂದು ಸಂಗತಿ. ಮೇದಾಮ್ಲ ಬರಿಯ ಉರುವಲಲ್ಲ. ಅಮೆರಿಕದ ಮಿನೆಸೋಟದಲ್ಲಿ ಜಾರ್ಜ್ ಬರ್ ಮತ್ತು ಮಿಲ್ಡ್ರೆಡ್ ಬರ್ ದಂಪತಿಗಳು 1929ರಲ್ಲಿ ಜಿಡ್ಡಿಲ್ಲದ ಆಹಾರವನ್ನೇ ಕೊಟ್ಟು ಇಲಿಗಳನ್ನು ಸಾಕಿದರು. ಅವುಗಳ ಚರ್ಮ ಹೊಪ್ಪಳಿಕೆಯೆದ್ದಿತು, ಬಾಲ ಹುಣ್ಣಾಯಿತು, ಬೆಳವಣಿಗೆ ನಿಂತಿತು. ದೇಹ ತಾನೇ ಮಾಡಿಕೊಳ್ಳಲಾರದ, ಹೊರಗಿನಿಂದಲೇ ಬರಬೇಕಾದ ಮೇದಾಮ್ಲಗಳಿವೆ ಎಂದು ಗೊತ್ತಾಯಿತು. ಲಿನೋಲಿಕ್ ಆಮ್ಲ ಅವುಗಳಲ್ಲಿ ಮುಖ್ಯ. 1968ರಲ್ಲಿ ಫಿಲಡೆಲ್ಫಿಯಾದ ಸ್ಟ್ಯಾನ್ಲಿ ಡುಡ್ರಿಕ್ ಮತ್ತು ಸಂಗಡಿಗರು ಹೃದಯದ ಸಮೀಪದ ದೊಡ್ಡ ನರದ ಮೂಲಕವೇ ಪೂರ್ಣ ಆಹಾರ ಕೊಟ್ಟು ನಾಯಿಮರಿಗಳನ್ನೂ ಒಂದು ಹಸುಳೆಯನ್ನೂ ಬೆಳೆಸಿ ತೋರಿಸಿದರು. ಆದರೆ ಅಂದಿನ ಅಮೆರಿಕದಲ್ಲಿ ಕೊಡಲು ಜಿಡ್ಡಿರಲಿಲ್ಲ. ಜಿಡ್ಡಿಲ್ಲದೆ ನರದಿಂದಲೇ ಬೆಳೆದ ಕೂಸುಗಳಲ್ಲಿ ಬರ್ ದಂಪತಿಗಳ ಇಲಿಯ ರೋಗವೇ ಕಾಣಿಸಿಕೊಂಡ ಸಂಗತಿ 1972ರಲ್ಲಿ ಪ್ರಕಟವಾಯಿತು. ಅವುಗಳ ರಕ್ತದಲ್ಲಿ ಲಿನೋಲಿಕ್ ಇಳಿದಿತ್ತು, ಅದರಿಂದ ಹುಟ್ಟುವ ಅರಾಕಿಡಾನಿಕ್ ಇಳಿದಿತ್ತು. ಅವುಗಳ ಸ್ಥಾನದಲ್ಲಿ ದೇಹವು ಇದ್ದುದರಲ್ಲಿ ಹೇಗೋ ಕಟ್ಟಿಕೊಂಡ ಬೇರೊಂದು ಮೇದಾಮ್ಲ ಏರಿತ್ತು. ಇವೆರಡರ ಪ್ರಮಾಣವನ್ನು ಹೋಲಿಸಿ ಕೊರತೆಯನ್ನು ಅಳೆಯುವ ಕ್ರಮವನ್ನು ರಾಲ್ಫ್ ಹೋಲ್ಮನ್ 1960ರಲ್ಲಿಯೇ ಹಾಕಿಕೊಟ್ಟಿದ್ದ. ಸೋಯಾ ಎಣ್ಣೆಯ ಎಮಲ್ಶನ್ ಕೊಟ್ಟರೆ ಚರ್ಮ ಮಾಯುತ್ತದೆ, ರಕ್ತದ ಲೆಕ್ಕವೂ ಸರಿಹೋಗುತ್ತದೆ.

ಸರಿಹೋಗುತ್ತದೆ ಎಂದೆನೆ? ಪೂರ್ತಿಯಾಗಿ ಅಲ್ಲ. ಸೋಯಾ ಎಣ್ಣೆಯ ಅರ್ಧದಷ್ಟು ಲಿನೋಲಿಕ್ ಆಮ್ಲವೇ. ನರಕ್ಕೆ ಯಾವ ಎಣ್ಣೆಯನ್ನು ಹನಿಸುತ್ತೇವೆಯೋ ರಕ್ತ ದಿನಗಳಲ್ಲಿ ಅದರ ಬಣ್ಣವನ್ನೇ ತಾಳುತ್ತದೆ. ದಿನ ತುಂಬದೆ ಹುಟ್ಟಿದ ಕೂಸುಗಳ ರಕ್ತದಲ್ಲಿ ಲಿನೋಲಿಕ್ ಏರಿ, ಮೆದುಳಿಗೂ ಕಣ್ಣಿಗೂ ಬೇಕಾದ ಡಿಎಚ್‌ಎ ಎಂಬ ಮೇದಾಮ್ಲವೂ ಅರಾಕಿಡಾನಿಕ್ ಆಮ್ಲವೂ ಇಳಿಯುತ್ತವೆ. ತಿಂಗಳುಗಟ್ಟಲೆ ಇದನ್ನೇ ಆಶ್ರಯಿಸಿದ ಮಕ್ಕಳಲ್ಲಿ ಪಿತ್ತ ಕಟ್ಟಿಕೊಂಡು ಪಿತ್ತಜನಕಾಂಗ ಕೆಡುವುದೂ ಉಂಟು. ಅಂತೆಯೇ ಬೇರೆ ಎಣ್ಣೆಗಳ ಕಡೆಗೆ ಗಮನ ಹರಿಯಿತು. ಹಾಗೆ ಹುಡುಕಿ ಕೈಚಾಚಿದ ಎಣ್ಣೆಗಳು ಯಾವುವು ಬಲ್ಲಿರಾ?

ಒಂದು, ತೆಂಗಿನದು. ಕೊಬ್ಬರಿ ಎಣ್ಣೆಯಿಂದ ಬೇರ್ಪಡಿಸಿದ ಮಧ್ಯಮ ಸರಪಳಿಯ ಮೇದಾಮ್ಲಗಳು ಬೇಗ ಉರಿದು ಶಕ್ತಿ ಕೊಡುತ್ತವೆ. ಅವನ್ನು ಸೋಯಾದೊಡನೆ ಬೆರೆಸಿದ ಎಮಲ್ಶನ್ 1980ರ ದಶಕದಲ್ಲಿ ಯುರೋಪಿಗೆ ಬಂದಿತು. ಇನ್ನೊಂದು, ಕೋರ್ಟೆನ್ನನ ನಾಯಿಯನ್ನು ಕೊಂದ ಅದೇ ಆಲಿವ್ ಎಣ್ಣೆ! ಅದೂ ಸಣ್ಣಗೆ ಕಡೆಯಲ್ಪಟ್ಟು 1990ರ ದಶಕದಲ್ಲಿ ಔಷಧವಾಯಿತು. ಮೂರನೆಯದು ಮೀನಿನ ಎಣ್ಣೆ. ಕಾರವಾರ, ಬೇಲೆಕೇರಿ, ಕೇಣಿಯ ದಂಡೆಯಲ್ಲಿ ಬೆಳೆದವರಿಗೆ ತಾರ್ಲೆಯ ಎಣ್ಣೆ ಗೊತ್ತು. ಹೇರಳವಾಗಿ ಸಿಕ್ಕ ವರ್ಷ ಆ ಮೀನು ತೆಂಗಿನ ಬುಡಕ್ಕೆ ಗೊಬ್ಬರವಾಗುತ್ತಿತ್ತು. ಅದರ ಎಣ್ಣೆಯನ್ನು ದೋಣಿಯ ಹಲಗೆಗೆ ಬಳಿಯುತ್ತಿದ್ದರು. ಆ ನಾತಕ್ಕೆ ಮೂಗು ಮುಚ್ಚಿಕೊಂಡು ಓಡಿದ ಹುಡುಗರಲ್ಲಿ ನಾನೂ ಒಬ್ಬ. ಔಷಧಕ್ಕೆ ಬಳಸುವುದು ನಮ್ಮ ಕಡಲಿನ ತಾರ್ಲೆಯನ್ನಲ್ಲ. ಆದರೆ ಗುಣ ಅದರ ಬಳಗದ್ದೇ. ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ಮಾರ್ಕ್ ಪೂಡರ್ ಮತ್ತು ಕ್ಯಾಥ್ಲೀನ್ ಗುರಾ ಎಂಬವರು ಪಿತ್ತಜನಕಾಂಗ ಕೆಟ್ಟ ಕೂಸುಗಳಿಗೆ ಸೋಯಾವನ್ನು ನಿಲ್ಲಿಸಿ ಮೀನೆಣ್ಣೆಯ ಎಮಲ್ಶನ್ ಕೊಟ್ಟರು. ಕಾಮಾಲೆ ಇಳಿದ ವರದಿ 2006ರಲ್ಲಿ ಬಂದಿತು. ರಕ್ತದಲ್ಲಿ ಡಿಎಚ್‌ಎ ಮೊದಲಾದ ಕಡಲ ಮೇದಾಮ್ಲಗಳು ಏರಿದವು. ಅಮೆರಿಕ ಈ ಔಷಧಕ್ಕೆ 2018ರಲ್ಲಿ ಒಪ್ಪಿಗೆ ಕೊಟ್ಟಿತು. ಸೋಯಾ, ತೆಂಗು, ಆಲಿವ್, ಮೀನು ನಾಲ್ಕನ್ನೂ ಕೂಡಿಸಿದ ಎಮಲ್ಶನ್ನೂ ಇಂದು ಬಳಕೆಯಲ್ಲಿದೆ.

ಇದರ ಕೊನೆಯ ತಿರುವನ್ನು ಮಂಗರಾಜ ಕೇಳಿದ್ದರೆ ಮೆಚ್ಚುತ್ತಿದ್ದ. ನೋವು ಮರೆಸಲು ಚುಚ್ಚುವ ಬ್ಯುಪಿವಕೇನ್ ಎಂಬ ಔಷಧ ತಪ್ಪಿ ರಕ್ತವನ್ನು ಸೇರಿದರೆ ಹೃದಯ ನಿಲ್ಲುತ್ತದೆ. ಗೈ ವೈನ್‌ಬರ್ಗ್ ಎಂಬ ವೈದ್ಯ 1998ರಲ್ಲಿ, ಹಾಗೆ ವಿಷವೇರಿದ ಇಲಿಗಳಿಗೆ ಇದೇ ಎಣ್ಣೆಯ ಎಮಲ್ಶನ್ ಹರಿಸಿದರೆ ಅವು ಬದುಕಿ ಉಳಿಯುವುದನ್ನು ತೋರಿಸಿದ. 2006ರಲ್ಲಿ ಮನುಷ್ಯನೊಬ್ಬ ಹೀಗೆ ಉಳಿದ ವರದಿ ಬಂದಿತು. ವಿಷವೆಂದು ನರ ಹೊಕ್ಕ ಎಣ್ಣೆ ವಿಷಹಾರಿಯಾಯಿತು.

2019ರಲ್ಲಿ ನನ್ನ ಮಗಳಿಗೆ ಏಳನೆಯ ತಿಂಗಳಲ್ಲಿಯೇ ಹೆರಿಗೆಯಾಯಿತು. ಅಂಗೈಯಷ್ಟಿದ್ದ ಕೂಸನ್ನು ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದ್ದರು. ಅದರ ನರಕ್ಕೆ ಹಾಲಿನಂಥ ಬಿಳಿಯ ದ್ರವವೊಂದು ಸೂಜಿಯ ಮೊನೆಯಷ್ಟು ಸಣ್ಣಗೆ ಇಳಿಯುತ್ತಿತ್ತು. “ಹಾಲೇನಮ್ಮ ಇದು?” ಎಂದು ನನ್ನ ಹೆಂಡತಿ ನರ್ಸಮ್ಮನನ್ನು ಕೇಳಿದಳು. “ಅಲ್ಲ ಅಜ್ಜಿ, ಕೊಬ್ಬು” ಎಂದಳು ಆಕೆ. ನಾನು ಹೊರಗೆ ಬಂದು ಪಡಸಾಲೆಯ ಬೆಂಚಿನ ಮೇಲೆ ಬಹಳ ಹೊತ್ತು ಕುಳಿತೆ. ಅಕ್ಕ ಸತ್ತ ವರ್ಷಕ್ಕೆ ಸ್ವೀಡನ್ನಿನಲ್ಲಿ ಈ ಬಾಟಲಿಗೆ ಹದಿನಾಲ್ಕು ವರ್ಷ ತುಂಬಿತ್ತು. ಅದು ಸಿಕ್ಕಿದ್ದರೂ ಅವಳು ಉಳಿಯುತ್ತಿದ್ದಳೆಂದು ನಾನು ಹೇಳಲಾರೆ. ಜಿಡ್ಡೊಂದರಿಂದಲೇ ಮನುಷ್ಯ ಬದುಕುವುದಿಲ್ಲ. ಆದರೆ ಆಗ ನಕ್ಕವರು ತಪ್ಪಿದ್ದರು. ನನ್ನ ತಾಯಿ ಕೇಳಿದ್ದು ಮೂಢಪ್ರಶ್ನೆಯಲ್ಲ. ಅದೇ ಪ್ರಶ್ನೆಯನ್ನು ಕೇಳಿಕೊಂಡವರು ಮಾಂಪೆಲಿಯೆಯಲ್ಲಿ, ಟೊರಾಂಟೊದಲ್ಲಿ, ಸ್ವೀಡನ್ನಿನಲ್ಲಿ ತಮ್ಮ ಆಯುಷ್ಯವನ್ನು ಸವೆಸಿದ್ದರು. ಓದು ಬಾರದ ಹೆಂಗಸೊಬ್ಬಳು ಮಗಳ ಹಾಸಿಗೆಯ ಪಕ್ಕದಲ್ಲಿ ನಿಂತು ಅಲ್ಲಿಗೇ ಬಂದು ಮುಟ್ಟಿದ್ದಳು.

ಆ ಮೊಮ್ಮಗ ಈಗ ಶಾಲೆಗೆ ಹೋಗುತ್ತಾನೆ. ರಜೆಯಲ್ಲಿ ಅಂಕೋಲೆಗೆ ಬಂದರೆ ತಾರ್ಲೆಯ ಸಾರು ಬೇಕೆಂದು ಹಟ ಹಿಡಿಯುತ್ತಾನೆ. ತಾಯಿ ಅವನನ್ನು ನೋಡಲಿಲ್ಲ. ಅವಳಿಗೆ ಕೊಡಬೇಕಾಗಿದ್ದ ಉತ್ತರವನ್ನು ಇಂದು ನಿಮ್ಮ ಮುಂದೆ ಒಪ್ಪಿಸಿದ್ದೇನೆ: ಹೋಗುತ್ತದೆ ತಾಯಿ. ಕಡೆದು, ಅಳೆದು, ಹನಿಹನಿಯಾಗಿ ಬಿಟ್ಟರೆ ಹೋಗುತ್ತದೆ.